ಹಂಚಿನ ಸೂರಿಗೆ ಏಣಿ: ಒಂದು ಹಲಿಗೆ, ಎರಡು ಹಗ್ಗ

"ಏಣಿ ಹಿಡ್ಯಾಕ ನಾ ಇದೀನಲ್ರೀ ಅಣ್ಣಾ, ಇಷ್ಟೆಲ್ಲಾ ಹಗ್ಗ ಯಾಕ?" ಗೋವಾದ ವಾಸ್ಕೋದ ನಮ್ಮ ಓಣಿಯಲ್ಲಿ ಎಲ್ಲರದೂ ಇದೇ ಮಾತು. ಮೂರು ಮೇ ತಿಂಗಳಾಯಿತು, ಸೂರಿನ ಹಂಚು ಬದಲಿಸುವ ಕೆಲಸ ಏಣಿ ಒಂದು ಬೆರಳೂ ಜಾರದೆ ಮುಗಿಯುತ್ತಿದೆ. ಹಿಡಿಯುವ ಆಳಿನ ಕೂಲಿ ದಿನಕ್ಕೆ ಏಳೆಂಟುನೂರು, ಅದೂ ಉಳಿಯಿತು. ಈಗ ಹಲಿಗೆ ಕೇಳಿಕೊಂಡು ಬರುವವರು ಅವರೇ.

ಮೊದಲು ಕೆಟ್ಟದ್ದು ಅಳತೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಎಲ್ಲಿಂದ ಅಳೆಯಬೇಕು? ನಮ್ಮ ಸೂರು 9 ಅಡಿ, ಅಂದರೆ ಬುಡ ಎರಡೂಕಾಲು ಅಡಿ. ಗೋಡೆಯಿಂದ ಅಳೆದದ್ದೇ ತಪ್ಪು. ಸೂರು ಗೋಡೆಯಿಂದ ಎರಡಡಿ ಮುಂದೆ ಚಾಚಿರುವುದರಿಂದ ಏಣಿಗೆ ದಕ್ಕಿದ್ದು ಮೂರೇ ಇಂಚು. ಕಂಬದಂತೆ ನೆಟ್ಟಗೆ ನಿಂತು ಎರಡನೇ ಮೆಟ್ಟಿಲಿಗೇ ಹಿಂದಕ್ಕೆ ವಾಲಿತು. ಈಗ ಸೂರಿನಂಚಿನಿಂದ ದಾರಕ್ಕೆ ಬೋಲ್ಟ್ ಕಟ್ಟಿ ಇಳಿಬಿಟ್ಟು, ಅದು ಮುಟ್ಟಿದಲ್ಲಿ ಸೀಮೆಸುಣ್ಣದ ಗುರುತು. ಎರಡೂಕಾಲು ಅಡಿ ಅಲ್ಲಿಂದ. 13 ಅಡಿಯ ಅಲ್ಯೂಮಿನಿಯಂ ಏಣಿ ಸೂರಿನ ಮೇಲೆ ಇನ್ನೂ ಮೂರೂವರೆ ಅಡಿ ಉಳಿಯುತ್ತದೆ, ಕೈಗೆ ಹಿಡಿತ.

ಬುಡದ್ದೇ ದೊಡ್ಡ ರಗಳೆ. ಅಂಗಳ ಇಳಿಜಾರು, ಕೆಂಪುಕಲ್ಲಿನ ಮೇಲೆ ಪಾಚಿ. ತಗ್ಗಿನ ಕಾಲಿಗೆ ಹಂಚಿನ ಚೂರು ಇಟ್ಟರೆ ಭಾರಕ್ಕೆ ಪಟ್ಟೆಂದು ಒಡೆಯಿತು. ಇಟ್ಟಿಗೆ ಮಗುಚಿತು. ಗೋಣಿಚೀಲ ಹಾಸಿದರೆ ಚೀಲ ಸಮೇತ ಜಾರಿತು. ತಗ್ಗನ್ನು ಎತ್ತರಿಸುವ ಆಸೆ ಬಿಟ್ಟು ಎತ್ತರದ ಬದಿಯನ್ನೇ ಗುದ್ದಲಿಯಿಂದ ಒಂದೂವರೆ ಇಂಚು ಕೆತ್ತಿದ ಮೇಲೆ ಸರಿಹೋಯಿತು. ಕಾಂಕ್ರೀಟ್ ಇರುವಲ್ಲಿ ಹಲಿಗೆ: ಮೂರಡಿ ಉದ್ದ, 9 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಕೆಳಗೆ ಹಳೆ ಸ್ಕೂಟರ್ ಟ್ಯೂಬು ಸೀಳಿ ಹೊಡೆದದ್ದು, ಮೇಲೆ ಏಣಿಯ ಕಾಲು ಹಿಂದೆ ಸರಿಯದಂತೆ ಅಡ್ಡಪಟ್ಟಿ. ಎಲ್ಲ ಸೇರಿ ನಾನೂರು ರೂಪಾಯಿ ಆಗಿರಬಹುದು. ಹಲಿಗೆಯೊಂದನ್ನೇ ನಂಬಬೇಡಿ. ಏಣಿಯ ಎರಡೂ ಕಾಲಿನಿಂದ ಜಗಲಿಯ ಕಂಬಕ್ಕೆ ಮೊದಲ ಹಗ್ಗ, ಎಳೆದು ಬಿಗಿಯಾಗಿ.

ಎರಡನೆಯದು ಮೇಲೆ. ಮಳೆನೀರಿನ ಪಿವಿಸಿ ದೋಣಿಗೆ ಏಣಿ ಒರಗಿಸಿದರೆ ಅದು ಬಾಗುತ್ತದೆ, ಏಣಿ ಪಕ್ಕಕ್ಕೆ ಹೊರಳುತ್ತದೆ. ಮರದ ಅಂಚುಪಟ್ಟಿಗೇ ಒರಗಿಸಬೇಕು. ಮೂರು ಮೆಟ್ಟಿಲ ಮಡಚೇಣಿ ಹತ್ತಿ ಸೂರಿನ ಕೆಳಗಿನಿಂದಲೇ ಪಕಾಸಿಗೆ, ಅಂದರೆ ಹಂಚು ಹೊತ್ತ ಓರೆ ಮರಕ್ಕೆ, ಕಟ್ಟುವುದು. ದೊಡ್ಡ ಏಣಿಯ ಮೇಲೆ ನಿಂತು ಅದನ್ನೇ ಕಟ್ಟುವುದರಲ್ಲಿ ಅರ್ಥವಿಲ್ಲ. ಮೆಟ್ಟಿಲಿಗಲ್ಲ, ಎರಡು ಉದ್ದಗಂಬಗಳಿಗೆ ಕಟ್ಟಬೇಕು. ಮೊದಲು ಪಕಾಸಿಯ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಬೆಣ್ಣೆಯಂತೆ ಇಳಿದರೆ ಪಕ್ಕದ್ದಕ್ಕೆ ಹೋಗಿ. ತೆಂಗಿನ ನಾರಿನ ಹಗ್ಗ ಸಡಿಲಾಯಿತು, 8 ಮಿಲಿಮೀಟರಿನ ನೈಲಾನ್ ತಡೆಯಿತು. ನೈಲಾನಿನಲ್ಲಿ ಗಂಟು ಜಾರುತ್ತದೆ, ಒಂದಕ್ಕೆ ಎರಡು ಹಾಕಿ.

ಹತ್ತಿ ನಿಂತಾಗ ಹೊಕ್ಕುಳು ಏಣಿಯ ಎರಡು ಉದ್ದಗಂಬಗಳ ನಡುವೆಯೇ ಇರಬೇಕು. ಕೈಗೆ ಸಿಗದ ಹಂಚಿಗೆ ಬಾಗುವುದಿಲ್ಲ, ಏಣಿ ಸರಿಸುವುದು. 32 ಅಡಿ ಗೋಡೆಗೆ ಒಂಬತ್ತು ಸಲ ಸರಿಸಿದ್ದು, ಬಿಚ್ಚಿ ಕಟ್ಟಲು ಸಲಕ್ಕೆ ಆರೇಳು ನಿಮಿಷ. ನಗುವವರು ನಗುವುದು ಈ ಒಂದು ತಾಸಿಗೇ. ಹಂಚು ಒಂದೊಂದು ಎರಡೂವರೆ ಕೆಜಿ; ಬಕೆಟ್ಟಿಗೆ ಮೂರು ಸಾಕು. ಬಕೆಟ್ಟನ್ನು ಏಣಿಯ ಪಕ್ಕದಿಂದ ಸೇದಬಾರದು, ಎದೆಯ ಮುಂದೆ ನೇರ. ಕೆಳಗಿನ ಮೂರು ಸಾಲಷ್ಟೇ ಏಣಿಯ ಕೆಲಸ. ಮೇಲಿನದ್ದಕ್ಕೆ ಹಂಚಿನ ಮೇಲೆ ಕಾಲಿಡಬೇಕಾಗುತ್ತದೆ, ಅದು ಹಂಚಿನವರಿಗೇ ಇರಲಿ.

ಒಂದು ಜಾಗ ಮಾತ್ರ ನಾನು ಮುಟ್ಟುವುದಿಲ್ಲ: ಕರೆಂಟಿನ ಸರ್ವಿಸ್ ವೈರು ಇಳಿಯುವ ಮೂಲೆ. ಮೇನ್ ಸ್ವಿಚ್ ಆರಿಸಿದರೂ ಕಂಬದಿಂದ ಮೀಟರಿನವರೆಗೆ ಕರೆಂಟು ಇದ್ದೇ ಇರುತ್ತದೆ, ಏಣಿಯೋ ಅಲ್ಯೂಮಿನಿಯಂ. ಅಲ್ಲಿಗೆ ಬಿದಿರೇಣಿ ತನ್ನಿ ಅಂದವರಿದ್ದಾರೆ. ಒದ್ದೆ ಬಿದಿರೂ ಹೊಡೆಯುತ್ತದೆ. ಲೈನ್‌ಮನ್ ಬಂದು ಕಂಬದಲ್ಲೇ ಕಡಿದ ಮೇಲೆಯೇ ಆ ಮೂಲೆ.

ಏಣಿಯ ಮೇಲ್ತುದಿಗೆ ಸೈಕಲ್ ಟ್ಯೂಬು ಸುತ್ತಿಯೂ ನೋಡಿದೆ. ಗಾರೆ ಗೋಡೆಗೆ ಚೆನ್ನಾಗಿ ಕಚ್ಚಿತು, ಮುಂದಿನ ಬೇಸಿಗೆಗೆ ಬಿಸಿಲಿಗೆ ಸೀಳಿ ಉದುರಿತು. ಸಮುದ್ರದ ಗಾಳಿ ಇನ್ನೊಂದು ಕಾಟ: ಅಲ್ಯೂಮಿನಿಯಂಗೆ ಹಾಕಿದ ಕಬ್ಬಿಣದ ಸ್ಕ್ರೂ ಮೊದಲು ತುಕ್ಕು ತಿನ್ನುತ್ತದೆ. ರಬ್ಬರ್ ಕಾಲಿನ ನಾಲ್ಕನ್ನೂ ಸ್ಟೇನ್‌ಲೆಸ್‌ಗೆ ಬದಲಿಸಲು ಐವತ್ತು ರೂಪಾಯಿ ಸಾಕಾಯಿತು. ಮೆಟ್ಟಿಲಿನ ರಿವೆಟ್ ಅಲ್ಲಾಡಿದರೆ ಮಾತ್ರ ರಿಪೇರಿ ಬೇಡ, ಏಣಿಯನ್ನು ಗುಜರಿಗೆ ಹಾಕಿ.