ಆಂಡ್ರಾಯ್ಡ್ ಆ್ಯಪ್‌ಗೆ ಗ್ರಾಫ್ ಬೇಕೆ? ನೀವೇ ಬರೆಯಿರಿ

ಆ್ಯಪ್‌ನಲ್ಲಿ ಗ್ರಾಫ್ ಬೇಕು ಅಂದ ಕೂಡಲೇ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹುಡುಕಲು ಹೊರಡುವವರೇ ಜಾಸ್ತಿ. ಹತ್ತಾರು ಬಗೆಯ ಚಾರ್ಟ್ ಇರುವ ಲೈಬ್ರರಿ ತಂದು ಅದರಲ್ಲಿ ಒಂದೇ ಒಂದು ಗೆರೆ ಬಳಸುತ್ತಾರೆ. ಆಮೇಲೆ ಅದನ್ನು ಬರೆದವರು ಕೈಬಿಟ್ಟರೆ ತಲೆನೋವು ನಿಮ್ಮದು. ಒಂದು ಗೆರೆಗಾದರೆ ಸ್ವಂತ ವ್ಯೂ (ಪರದೆಯ ಮೇಲೆ ಕಾಣುವ ಒಂದು ಭಾಗ) ಬರೆಯುವುದೇ ಲೇಸು. ಆ್ಯಪ್ ಬರೆಯುವ ಕಾಟ್ಲಿನ್ ಭಾಷೆ ಅಷ್ಟಿಷ್ಟು ಬಂದರೆ ಸಾಕು.

ಉದಾಹರಣೆಗೆ ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಪೇಪರ್‌ನಲ್ಲಿ ನೋಡುತ್ತಲೇ ಇರುತ್ತೇವೆ ಅಲ್ವಾ? ಗರಿಷ್ಠ ಮಟ್ಟ 124.80 ಅಡಿ.

ಹಂತ 1: ಕ್ಲಾಸ್

'ವ್ಯೂ' ಕ್ಲಾಸ್‌ನಿಂದ ನಿಮ್ಮ ಕ್ಲಾಸ್ ಮಾಡಿ. ಕನ್‌ಸ್ಟ್ರಕ್ಟರ್‌ಗೆ ಕಾಂಟೆಕ್ಸ್ಟ್ ಜೊತೆ ಆಟ್ರಿಬ್ಯೂಟ್‌ಸೆಟ್ (ಲೇಔಟ್‌ನಲ್ಲಿ ಬರೆದ ಗುಣಗಳ ಪಟ್ಟಿ) ಕೂಡ ಕೊಡಿ. ಇಲ್ಲದಿದ್ದರೆ ಎಕ್ಸ್‌ಎಂಎಲ್ ಲೇಔಟ್‌ನಲ್ಲಿ ಹಾಕಿದ ತಕ್ಷಣ ಆ್ಯಪ್ ಕ್ರ್ಯಾಶ್.

ಹಂತ 2: ಬಣ್ಣ, ಗೆರೆಯ ದಪ್ಪ

ಪೇಂಟ್ (ಬಣ್ಣ, ದಪ್ಪ) ಮತ್ತು ಪಾತ್ (ಗೆರೆ ಸಾಗುವ ದಾರಿ) ಆಬ್ಜೆಕ್ಟ್‌ಗಳನ್ನು ಕ್ಲಾಸ್‌ನ ಮೇಲ್ಭಾಗದಲ್ಲೇ ಒಂದು ಸಲ ಮಾಡಿಟ್ಟುಕೊಳ್ಳಿ. ಪ್ರತಿ ಸಲ ಚಿತ್ರ ಬಿಡಿಸುವಾಗ ಓಡುವ 'ಆನ್‌ಡ್ರಾ' ಒಳಗೆ ಮಾಡಬೇಡಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡ್, ಅದನ್ನು ಹೀಗೆ ಹಾಳುಮಾಡಬಾರದು. ಗೆರೆಯ ದಪ್ಪವನ್ನು ಡೆನ್ಸಿಟಿಯಿಂದ (ಪರದೆಯ ಪಿಕ್ಸೆಲ್ ಸಾಂದ್ರತೆ) ಗುಣಿಸಿ. ಬರೀ ಪಿಕ್ಸೆಲ್‌ನಲ್ಲಿ ಕೊಟ್ಟರೆ ಒಳ್ಳೆಯ ಫೋನ್‌ಗಳಲ್ಲಿ ಗೆರೆ ಕೂದಲಿನಷ್ಟು ತೆಳ್ಳಗಾಗುತ್ತದೆ.

ಹಂತ 3: ಜಾಗ

ಅಗಲ, ಎತ್ತರವನ್ನು ಕನ್‌ಸ್ಟ್ರಕ್ಟರ್‌ನಲ್ಲಿ ಕೇಳಿದರೆ ಸೊನ್ನೆ ಬರುತ್ತದೆ. ಗಾತ್ರ ಗೊತ್ತಾದಾಗ ಆಂಡ್ರಾಯ್ಡ್ ಕರೆಯುವ 'ಆನ್‌ಸೈಜ್‌ಚೇಂಜ್ಡ್' ಬರುವ ತನಕ ಕಾಯಿರಿ. 'ರ‍್ಯಾಪ್ ಕಂಟೆಂಟ್' ಕೊಟ್ಟರೆ ವ್ಯೂ ಸಿಕ್ಕ ಜಾಗವನ್ನೆಲ್ಲ ನುಂಗುತ್ತದೆ. ಅದಕ್ಕೆಂದು ಅಳತೆ ಹೇಳುವ 'ಆನ್‌ಮೆಷರ್' ಬರೆಯಲು ಕೂರಬೇಡಿ. ಎಕ್ಸ್‌ಎಂಎಲ್‌ನಲ್ಲೇ ಎತ್ತರ 200 ಡಿಪಿ (ಡೆನ್ಸಿಟಿಗೆ ತಕ್ಕಂತೆ ಹೊಂದಿಕೊಳ್ಳುವ ಅಳತೆ) ಅಂತ ಕೊಟ್ಟು ಮುಂದೆ ಹೋಗಿ.

ಹಂತ 4: ಅಡಿಯನ್ನು ಪಿಕ್ಸೆಲ್ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಶಾಲೆಯ ಗ್ರಾಫ್ ಹಾಳೆಯಲ್ಲಿ ಸೊನ್ನೆ ಕೆಳಗಿರುತ್ತದೆ. ಪರದೆಯಲ್ಲಿ ಅದು ಮೇಲಿನ ಎಡಮೂಲೆಯಲ್ಲಿದೆ, ಕೆಳಗೆ ಹೋದಂತೆ ವೈ ಹೆಚ್ಚುತ್ತದೆ. ಹಾಗಾಗಿ ಲೆಕ್ಕ ಹೀಗೆ:

ವೈ = ಕೆಳಅಂಚು − ((ಮಟ್ಟ − ಕನಿಷ್ಠ) ÷ (ಗರಿಷ್ಠ − ಕನಿಷ್ಠ)) × ಎತ್ತರ

ಗ್ರಾಫ್‌ನ ಮೇಲಂಚು 40ನೇ ಪಿಕ್ಸೆಲ್, ಕೆಳಅಂಚು 540 ಅಂದುಕೊಳ್ಳಿ. ಎತ್ತರ 500 ಆಯಿತು. ಗ್ರಾಫ್‌ನ ಕನಿಷ್ಠ 100 ಅಡಿ, ಗರಿಷ್ಠ 125 ಅಡಿ ಇಟ್ಟುಕೊಳ್ಳೋಣ. ಮಟ್ಟ 120 ಅಡಿ ಇದ್ದರೆ 20 ÷ 25 = 0.8. ಅದನ್ನು 500ರಿಂದ ಗುಣಿಸಿದರೆ 400. 540ರಲ್ಲಿ 400 ಕಳೆದರೆ 140. ಚುಕ್ಕೆ ಬೀಳಬೇಕಾದದ್ದು ಅಲ್ಲಿ. ಇದನ್ನು ಕಾಗದದ ಮೇಲೆ ಒಮ್ಮೆ ಮಾಡಿ ನೋಡದೆ ಕೋಡ್ ಮುಟ್ಟಬೇಡಿ.

ಅದೇ 20 ÷ 25 ಅನ್ನು ಇಂಟ್‌ನಲ್ಲಿ (ಪೂರ್ಣಾಂಕ) ಮಾಡಿದರೆ ಉತ್ತರ ಸೊನ್ನೆ. ಚುಕ್ಕೆಗಳೆಲ್ಲ ತಳ ಸೇರುತ್ತವೆ. ಮೊದಲು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಕೊಳ್ಳಿ. ಇನ್ನೊಂದು ವಿಷಯ, ಎಲ್ಲ ದಿನವೂ ಮಟ್ಟ ಒಂದೇ ಇದ್ದು, ಕನಿಷ್ಠ-ಗರಿಷ್ಠಗಳನ್ನು ಆ ಅಂಕಿಗಳಿಂದಲೇ ತೆಗೆದಿದ್ದರೆ? ಸೊನ್ನೆಯಿಂದ ಭಾಗಿಸಿದಂತಾಯಿತು. ಫ್ಲೋಟ್ ಆದ್ದರಿಂದ ಕ್ರ್ಯಾಶ್ ಆಗುವುದಿಲ್ಲ, ಗೆರೆ ಸುಮ್ನೆ ಮಾಯವಾಗುತ್ತದೆ. ಹುಡುಕಿ ಹುಡುಕಿ ಸುಸ್ತಾಗುವ ತೊಂದರೆ ಇದು. ವ್ಯತ್ಯಾಸ ಸೊನ್ನೆಯಾದರೆ ಗೆರೆಯನ್ನು ನಡುವೆ ಎಳೆಯಿರಿ.

'ಕ್ಯಾನ್ವಾಸ್ ಅನ್ನೇ ತಲೆಕೆಳಗು ಮಾಡಿ, ಲೆಕ್ಕ ಸುಲಭ' ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ನಂಬಬೇಡಿ, ಅಕ್ಷರಗಳೂ ತಲೆಕೆಳಗಾಗುತ್ತವೆ. ಈ ಲೆಕ್ಕಕ್ಕೆ ಒಂದು ಪುಟ್ಟ ಫಂಕ್ಷನ್ ಇರಲಿ. ಗೆರೆ, ಚುಕ್ಕೆ, ಅಡ್ಡಗೆರೆ ಎಲ್ಲವೂ ಅದನ್ನೇ ಕೇಳಲಿ. ನಾಲ್ಕು ಕಡೆ ಬರೆದವರ ಗ್ರಾಫ್‌ನಲ್ಲಿ ಚುಕ್ಕೆ ಒಂದು ಕಡೆ, ಗೆರೆ ಇನ್ನೊಂದು ಕಡೆ.

ಗೆರೆಯ ಗ್ರಾಫ್ ಸೊನ್ನೆಯಿಂದಲೇ ಶುರುವಾಗಬೇಕಿಲ್ಲ. ಕೆಆರ್‌ಎಸ್‌ಗೆ ಸೊನ್ನೆಯಿಂದ ಹಾಕಿದರೆ ಎರಡು ಅಡಿಯ ಏರಿಕೆ ಕಣ್ಣಿಗೇ ಕಾಣದು. ಕಂಬದ ಗ್ರಾಫ್ ಆದರೆ ಮಾತ್ರ ಸೊನ್ನೆಯಿಂದಲೇ ಹಾಕಿ, ಅಲ್ಲಿ ಕಂಬದ ಉದ್ದವನ್ನೇ ಜನ ಅಳತೆ ಅಂತ ಓದುತ್ತಾರೆ. ಅಂಕಿ ಸಿಗದ ದಿನಕ್ಕೆ ಸೊನ್ನೆ ತುಂಬಬೇಡಿ, ಜಲಾಶಯ ಒಂದೇ ದಿನ ಬತ್ತಿಹೋದಂತೆ ಕಾಣುತ್ತದೆ. ಅಲ್ಲಿ ಗೆರೆ ಎಳೆಯದೆ ಮುಂದಿನ ಚುಕ್ಕೆಗೆ ಹೋಗುವ 'ಮೂವ್‌ಟು' ಬಳಸಿ ಗೆರೆ ತುಂಡರಿಸಿ.

ಹಂತ 5: ಕನ್ನಡ ಅಕ್ಷರ

'ಡ್ರಾಟೆಕ್ಸ್ಟ್'ಗೆ ಕೊಡುವ ವೈ ಅಕ್ಷರದ ತಲೆಯದ್ದಲ್ಲ, ಅಕ್ಷರ ಕೂರುವ ಗೆರೆಯದ್ದು. ಒತ್ತಕ್ಷರ ಅದಕ್ಕೂ ಕೆಳಗೆ ಇಳಿಯುತ್ತದೆ. ಇಂಗ್ಲಿಷ್‌ನಲ್ಲಿ ಸರಿಯಾಗಿದ್ದ ಗ್ರಾಫ್‌ನಲ್ಲಿ 'ಅಕ್ಟೋಬರ್' ಬರೆದರೆ ಒತ್ತು ಕತ್ತರಿಸಿ ಹೋಗುವುದು ಇದಕ್ಕೇ. 'ಫಾಂಟ್‌ಮೆಟ್ರಿಕ್ಸ್' ಮುಖ್ಯ ಫಾಂಟಿನ ಅಳತೆ ಹೇಳುತ್ತದೆ, ಕನ್ನಡಕ್ಕೆ ಬೇರೆ ಫಾಂಟ್ ಬಳಕೆಯಾಗಿದ್ದರೆ ಆ ಅಳತೆ ಸಾಲದು. 'ಗೆಟ್‌ಟೆಕ್ಸ್ಟ್‌ಬೌಂಡ್ಸ್'ಗೆ ನಿಜವಾದ ಪದವನ್ನೇ ಕೊಟ್ಟು ಅಳೆಯಿರಿ. ಅಷ್ಟು ಜಾಗವನ್ನು ಹಂತ 4ರ ಕೆಳಅಂಚಿನಲ್ಲೇ ಕಳೆಯಿರಿ.

ಹಂತ 6: ಬಿಡಿಸುವುದು

'ಆನ್‌ಡ್ರಾ'ದಲ್ಲಿ ಮೊದಲು ಅಡ್ಡಗೆರೆ, ಆಮೇಲೆ ಪಾತ್, ಕೊನೆಗೆ ಅಕ್ಷರ. ಹೊಸ ಅಂಕಿ ಬಂದಾಗ ಚುಕ್ಕೆಗಳ ಲೆಕ್ಕ ಮತ್ತೆ ಮಾಡಿ, ಮತ್ತೆ ಬಿಡಿಸು ಎಂದು ಹೇಳುವ 'ಇನ್‌ವ್ಯಾಲಿಡೇಟ್' ಕರೆಯಿರಿ. ಗಾತ್ರ ಬದಲಾಗದಿದ್ದರೆ 'ಆನ್‌ಸೈಜ್‌ಚೇಂಜ್ಡ್' ತಾನಾಗಿ ಮತ್ತೆ ಬರುವುದಿಲ್ಲ. ಅನಿಮೇಷನ್ ಬೇಡ, ನೀರಿನ ಮಟ್ಟ ಕುಣಿಯಬೇಕಿಲ್ಲ.

ಬೇರೆಯವರಿಗೆ ಕೊಡುವ ಮೊದಲು ಖಾಲಿ ಪಟ್ಟಿ ಕೊಟ್ಟು ನೋಡಿ. ನಂತರ ಒಂದೇ ದಿನದ ಅಂಕಿ ಕೊಡಿ: ಒಂದು ಬಿಂದುವಿನಿಂದ ಗೆರೆ ಆಗುವುದಿಲ್ಲ, ಆಗ 'ಡ್ರಾಸರ್ಕಲ್'ನಿಂದ ಚುಕ್ಕೆಯನ್ನಾದರೂ ಹಾಕಬೇಕು. ಫೋನ್ ಅಡ್ಡ ತಿರುಗಿಸಿ, ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುವವರಿಗೆ ನೀವು ಬಿಡಿಸಿದ್ದು ಏನೂ ಗೊತ್ತಾಗುವುದಿಲ್ಲ, ಆದ್ದರಿಂದ 'ಕಂಟೆಂಟ್ ಡಿಸ್ಕ್ರಿಪ್ಶನ್'ನಲ್ಲಿ ಇವತ್ತಿನ ಮಟ್ಟವನ್ನು ಮಾತಿನಲ್ಲಿ ಬರೆದಿಡಿ.