ಮೊಂತಿ ಹಬ್ಬದ ಹೂವು, ತೆನೆ, ಊಟ: ಕಥೋಲಿಕ ಮನೆಗಳಲ್ಲಿ ಸೃಷ್ಟಿಯ ಪಾಲನೆಯನ್ನು ರೂಢಿಸಿಕೊಳ್ಳುವ ಬಗೆ

ಕರಾವಳಿಯ ಕಥೋಲಿಕರು ಪರಿಸರದ ಕಾಳಜಿಗೆಂದು ಪ್ರತ್ಯೇಕ ಕಾರ್ಯಕ್ರಮವನ್ನು ಹುಡುಕಬೇಕಾಗಿಲ್ಲ. ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನ್ಮದಿನವನ್ನು ಹೊಸ ತೆನೆಯೊಂದಿಗೆ ಆಚರಿಸುವ ಮೊಂತಿ ಹಬ್ಬವು ನೆಲ, ಮಳೆ, ಬೆಳೆಗಳಿಗಾಗಿ ದೇವರಿಗೆ ಸಲ್ಲಿಸುವ ಕೃತಜ್ಞತೆಯೇ ಆಗಿದೆ. ಧರ್ಮಸಭೆಯು ಸೃಷ್ಟಿಗಾಗಿ ಪ್ರಾರ್ಥಿಸುವ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ಅವಧಿಯೊಳಗೇ ಈ ಹಬ್ಬವೂ ಬರುವುದರಿಂದ, ಹೊಸ ರೂಢಿಗಳನ್ನು ಆರಂಭಿಸಲು ಇದಕ್ಕಿಂತ ಸೂಕ್ತ ಸಮಯವಿಲ್ಲ.

ಮೊದಲು ಹೂವಿನ ವಿಚಾರ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನಡೆಯುವ ಪ್ರಾರ್ಥನೆಯಾದ ನೊವೆನಾದ ಎಲ್ಲ ದಿನಗಳೂ ಮಕ್ಕಳು ಬಾಲಮರಿಯಮ್ಮನವರಿಗೆ ಅರ್ಪಿಸುವ ಹೂಗಳು ಮನೆಯಂಗಳದವೇ ಆಗಿರಲಿ. ದಾಸವಾಳ, ಗೋರಟೆ, ಕರವೀರ, ಬೇಲಿಯಂಚಿನ ಕಾಡುಹೂವು ಯಾವುದಾದರೂ ಸರಿ. ಅಂಗಡಿಯ ಹೂವಿಗಿಂತ ಮಗು ತಾನೇ ಬೆಳಗ್ಗೆ ಎದ್ದು ಕೊಯ್ದು ತಂದ ನಾಲ್ಕು ಹೂವಿನಲ್ಲಿ ಭಕ್ತಿ ಹೆಚ್ಚೆಂದೇ ನನ್ನ ನಂಬಿಕೆ. ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ತರದೆ ಬೆತ್ತದ ಬುಟ್ಟಿಯಲ್ಲೋ ಬಾಳೆ ಎಲೆಯ ದೊನ್ನೆಯಲ್ಲೋ ತರುವಂತೆ ಧರ್ಮಗುರುಗಳು ನೊವೆನಾಕ್ಕೆ ಮುಂಚಿನ ಭಾನುವಾರವೇ ಪೂಜೆಯ ಕೊನೆಯಲ್ಲಿ ತಿಳಿಸಿದರೆ, ಮಕ್ಕಳು ತಪ್ಪದೆ ಪಾಲಿಸುತ್ತಾರೆ.

ಅರ್ಪಿಸಿದ ಹೂಗಳು ಕಸದ ಗಾಡಿಗೆ ಹೋಗಬಾರದು. ಇಗರ್ಜಿಯ (ಚರ್ಚಿನ) ಹಿತ್ತಿಲಲ್ಲಿ ಮಳೆನೀರು ನಿಲ್ಲದ ಜಾಗವನ್ನು ಆರಿಸಿ, ಮೂರಡಿ ಅಗಲದ ತೊಟ್ಟಿಯೊಂದನ್ನು ಕೆಂಪುಕಲ್ಲಿನಿಂದ, ಗಾಳಿಯಾಡುವಂತೆ ಸಂದು ಬಿಟ್ಟು ಕಟ್ಟಬೇಕು. ತಳಕ್ಕೆ ತೆಂಗಿನ ಸಿಪ್ಪೆ, ಅದರ ಮೇಲೆ ಒಂದು ಪದರ ಹೂವು, ಅದರ ದುಪ್ಪಟ್ಟು ದಪ್ಪಕ್ಕೆ ತರಗೆಲೆ, ಅದರ ಮೇಲೆ ತೆಳುವಾಗಿ ಸೆಗಣಿನೀರು. ಇದೇ ಕ್ರಮದಲ್ಲಿ ತುಂಬುತ್ತ ಹೋಗಬೇಕು. ಸೆಪ್ಟೆಂಬರ್‌ನಲ್ಲಿ ಒಣ ಎಲೆ ಸಿಗುವುದು ಕಷ್ಟವಾದ್ದರಿಂದ ಬೇಸಗೆಯಲ್ಲೇ ಗೋಣಿಗಳಲ್ಲಿ ತುಂಬಿಟ್ಟುಕೊಳ್ಳುವುದು ಅಗತ್ಯ. ಬರೀ ಹೂವನ್ನು ರಾಶಿ ಹಾಕಿದರೆ ಅದು ಕೊಳೆತು ನಾರುತ್ತದೆ, ಗೊಬ್ಬರವಾಗುವುದಿಲ್ಲ. ಮೇಲೊಂದು ತಗಡು ಮುಚ್ಚಿ, ವಾರಕ್ಕೊಮ್ಮೆ ಕೆದಕಿದರೆ ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಪುಡಿ ಸಿದ್ಧವಾಗುತ್ತದೆ. ಹೂವಿಗೆ ಸುತ್ತಿದ ದಾರ, ಜರಿ, ಪಿನ್ನುಗಳನ್ನು ಮೊದಲೇ ತೆಗೆದಿರಬೇಕು.

ತೆನೆಯ ವಿಷಯದಲ್ಲಿ ಇನ್ನೂ ಮುಂಚಿತವಾಗಿ ಯೋಚಿಸಬೇಕಾಗುತ್ತದೆ. ಗದ್ದೆಗಳು ತೋಟವಾಗಿ, ನಿವೇಶನವಾಗಿ ಕಡಿಮೆಯಾಗುತ್ತಿರುವಾಗ, ಹಬ್ಬದ ಹಿಂದಿನ ದಿನ ಎಲ್ಲಿಂದಲೋ ತೆನೆ ತರಿಸುವುದಕ್ಕಿಂತ, ಧರ್ಮಕೇಂದ್ರದಲ್ಲಿ, ಅಂದರೆ ಇಗರ್ಜಿಯ ವ್ಯಾಪ್ತಿಯಲ್ಲಿ, ಇನ್ನೂ ಭತ್ತ ಬೆಳೆಯುವ ಕುಟುಂಬವನ್ನು ಮುಂಗಾರಿಗೆ ಮೊದಲೇ ಕಂಡು, ನ್ಯಾಯವಾದ ಬೆಲೆಗೆ ತೆನೆ ಕೊಳ್ಳುವುದಾಗಿ ಮಾತು ಕೊಡುವುದು ಒಳ್ಳೆಯದು. ಅಂಥ ಗದ್ದೆಯೇ ಇಲ್ಲದ ಕಡೆ, ಅಲ್ಪಾವಧಿ ತಳಿಯ ಬೀಜವನ್ನು ಜೂನ್ ಮೊದಲ ವಾರ ದೊಡ್ಡ ಕುಂಡಗಳಲ್ಲಿ ಬಿತ್ತಿ, ಕುಂಡದಲ್ಲಿ ನೀರು ನಿಂತಿರುವಂತೆ ನೋಡಿಕೊಂಡರೆ, ಸೆಪ್ಟೆಂಬರ್ ಆರಂಭಕ್ಕೆ ತೆನೆ ಹೊರಡುತ್ತದೆ. ಧರ್ಮೋಪದೇಶ ತರಗತಿಯ ಮಕ್ಕಳಿಗೆ ಈ ಕುಂಡಗಳ ಹೊಣೆ ಕೊಡಿ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿರಿಸಿದ್ದು ಅದನ್ನು ಸಾಗುವಳಿ ಮಾಡುವುದಕ್ಕೂ ಕಾಯುವುದಕ್ಕೂ ಎಂಬ ಆದಿಕಾಂಡದ ಎರಡನೆಯ ಅಧ್ಯಾಯದ ಮಾತು ಅವರಿಗೆ ಆಗ ಕೈಯಿಂದಲೇ ಅರ್ಥವಾಗುತ್ತದೆ.

ಹಬ್ಬದ ಊಟವು ಬಾಳೆ ಎಲೆಯ ಮೇಲೆ, ಮೀನು ಮಾಂಸವಿಲ್ಲದೆ, ಬೆಸಸಂಖ್ಯೆಯ ಪದಾರ್ಥಗಳೊಂದಿಗೆ ನಡೆಯುವುದು ಹಿರಿಯರು ಹಾಕಿಕೊಟ್ಟ ಕ್ರಮ. ಕೆಸು, ಹರಿವೆ, ಬೆಂಡೆ, ಹೀರೆಯಂಥ ಆ ಋತುವಿನ ತರಕಾರಿಗಳೇ ಇದಕ್ಕೆ ಸಾಕು. ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ (ಪೋಪರ ಅಧಿಕೃತ ಬೋಧನಾಪತ್ರದ) 211ನೆಯ ಪರಿಚ್ಛೇದದಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ತಪ್ಪಿಸುವುದು, ನೀರನ್ನು ಮಿತವಾಗಿ ಬಳಸುವುದು, ಕಸವನ್ನು ಬೇರ್ಪಡಿಸುವುದು, ಉಣ್ಣಲಾಗುವಷ್ಟನ್ನೇ ಬೇಯಿಸುವುದು, ಬೇಡದ ದೀಪಗಳನ್ನು ಆರಿಸುವುದು ಇವೆಲ್ಲವನ್ನೂ ಹೆಸರಿಸಿದ್ದಾರೆ. ಆದ್ದರಿಂದ ಅಕ್ಕಿ ಅಳೆಯುವ ಮೊದಲೇ ಉಣ್ಣುವವರನ್ನು ಎಣಿಸಿಕೊಳ್ಳಿ; ಮಿಕ್ಕ ಅನ್ನವನ್ನು ಅಂದೇ ಹಂಚಿಬಿಡಿ; ಉಂಡ ಎಲೆಯನ್ನು ಹರಿದು ಗೊಬ್ಬರದ ತೊಟ್ಟಿಗೆ ಹಾಕಿ. ಊಟಕ್ಕೆ ಮೊದಲಿನ ಪ್ರಾರ್ಥನೆಯಲ್ಲಿ, ಬೆಳೆದವರನ್ನೂ ಒಂದು ಮಾತಿನಲ್ಲಿ ನೆನೆಯಿರಿ.

ಮುಂದಿನ ತಿಂಗಳುಗಳಿಗೂ ಇದೇ ರೀತಿ ಅನ್ವಯಿಸುತ್ತದೆ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್‌ಗೆಂದು ಯೇಸುವಿನ ಜನನದ ದೃಶ್ಯವನ್ನು ತೋರಿಸುವ ಗೋದಲಿಗೆ ಥರ್ಮಾಕೋಲ್ ಬೇಡ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿದೆ. ಮಣ್ಣು, ಹುಲ್ಲು, ಅಡಿಕೆ ಹಾಳೆಗಳಿಂದ ಕಟ್ಟಿದ ಗೋದಲಿ ಬೆತ್ಲೆಹೇಮಿನ ಬಡತನಕ್ಕೆ ಹೆಚ್ಚು ಹತ್ತಿರ. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಸಿದ್ಧರಾಗುವಾಗ ನೀರು, ಅನ್ನ, ವಿದ್ಯುತ್ತನ್ನು ವ್ಯರ್ಥ ಮಾಡಿದ್ದನ್ನೂ ಆತ್ಮಶೋಧನೆಯಲ್ಲಿ ಸೇರಿಸಿಕೊಳ್ಳಿ. ಆ ನಲವತ್ತು ದಿನಗಳಿಗೆ ಮನೆಯವರೆಲ್ಲ ಒಪ್ಪುವ ಒಂದೇ ತ್ಯಾಗವನ್ನು ಆರಿಸಿ, ಭಾನುವಾರದ ಪೂಜೆಗೆ ನೆರೆಮನೆಯವರೊಂದಿಗೆ ಒಂದೇ ವಾಹನದಲ್ಲಿ ಹೋಗುವುದರಂಥದ್ದನ್ನು, ಈಸ್ಟರ್‌ವರೆಗೂ ಬಿಡದೆ ನಡೆಸಿ.