ಗೋಬರ್ ಗ್ಯಾಸ್ ಗುಂಡಿಗೆ ಹಲಸು: ನನ್ನ ಅನುಭವ

ಶಿರಸಿ ಸೀಮೆಯ ಅಡಿಕೆ ಮನೆಗಳಲ್ಲಿ ಈಗ ದನ ಕಡಿಮೆ, ಬೇಸಿಗೆಯ ಕೊನೆಗೆ ಹಲಸು ಮಾತ್ರ ರಾಶಿ. 2 ಘನ ಮೀಟರಿನ ದೀನಬಂಧು (ನೆಲದೊಳಗೆ ಗುಮ್ಮಟದಂತೆ ಕಟ್ಟುವ ಮಾದರಿ) ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಮಲೆನಾಡು ಗಿಡ್ಡ ದನಗಳ ಸಗಣಿ ಅಷ್ಟಕ್ಕೆ ಸಾಲದು. ಕೊರತೆಯನ್ನು ಹಲಸಿನಿಂದ ತುಂಬಿಸುತ್ತೇನೆ, ಆದರೆ ಕಿಲೋಗೆ ಕಿಲೋ ಲೆಕ್ಕದಲ್ಲಿ ಅಲ್ಲ.

ಗುಂಡಿಯಲ್ಲಿ ದುಡಿಯುವುದು ಒಂದೇ ಜಾತಿಯ ಜೀವಾಣು ಅಲ್ಲ. ಕೆಲವು ಪಿಷ್ಟ, ನಾರನ್ನು ಒಡೆಯುತ್ತವೆ, ಕೆಲವು ಅದನ್ನು ಹುಳಿ ಮಾಡುತ್ತವೆ, ಮತ್ತೆ ಕೆಲವು ಆ ಹುಳಿಯನ್ನು ಅಸಿಟಿಕ್ ಆಮ್ಲ, ಹೈಡ್ರೋಜನ್ನಿಗೆ ಇಳಿಸುತ್ತವೆ. ಕೊನೆಯಲ್ಲಿ ಆರ್ಕಿಯಾ ಎಂಬ, ಬ್ಯಾಕ್ಟೀರಿಯಾಗಳಿಗಿಂತ ಬೇರೆ ಗುಂಪಿನ ಜೀವಾಣುಗಳು ಮಿಥೇನ್, ಅಂದರೆ ಒಲೆಯಲ್ಲಿ ಉರಿಯುವ ಅನಿಲ, ಮಾಡುತ್ತವೆ. ಇವೆಲ್ಲ ದನದ ಹೊಟ್ಟೆಯಿಂದ ಸಗಣಿಯ ಜೊತೆಗೇ ಬರುತ್ತವೆ, ಹೊರಗಿನಿಂದ ಜೀವಾಣು ಪುಡಿ ಕೊಳ್ಳಬೇಕಿಲ್ಲ. ಹುಳಿ ಮಾಡುವವು ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ, ಮಿಥೇನಿನವಕ್ಕೆ ದಿನಗಳೇ ಬೇಕು. ಸಿಹಿ ಹಣ್ಣು ಒಮ್ಮೆಲೇ ಬಿದ್ದರೆ ಹುಳಿ ಏರಿ ನಿಧಾನದವು ಸೊರಗುತ್ತವೆ.

ಹಾಗಾಗಿ ಮೊದಲ ವಾರ ದಿನಕ್ಕೆ 1 ಕಿಲೋ, ಆಮೇಲೆ ವಾರಕ್ಕೊಂದು ಕಿಲೋ ಏರಿಸುತ್ತ 4 ಕಿಲೋಗೆ ನಿಲ್ಲಿಸುತ್ತೇನೆ. ಹೆಬ್ಬೆರಳಿನಷ್ಟು ಚೂರು ಮಾಡಿ, ಸಗಣಿ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿಡುತ್ತೇನೆ. ಬೇಳೆ (ಹಲಸಿನ ಬೀಜ), ಮೇಣ ಹಾಕುವುದಿಲ್ಲ.

ಬಗ್ಗಡದ (ಗುಂಡಿಯೊಳಗಿನ ಸಗಣಿ ನೀರಿನ) ಪಿಎಚ್, ಅಂದರೆ ಹುಳಿಯ ಅಳತೆ, 6.8ರಿಂದ 7.5ರ ನಡುವೆ ಇರಬೇಕು; ಇಳಿದಷ್ಟೂ ಹುಳಿ ಹೆಚ್ಚು. ನೋಡಲು ಪಿಎಚ್ ಪಟ್ಟಿ ಕಾಗದ ಸಾಕು. 6.5ಕ್ಕಿಂತ ಇಳಿದರೆ ಹುಳಿ ವಾಸನೆ ಬರುತ್ತದೆ. ಗ್ಯಾಸ್ ಇದ್ದರೂ ಉರಿ ಹಿಡಿದು ನಿಲ್ಲದೆ ಆರಿಹೋಗುತ್ತದೆ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಆಗ ಹಲಸು ಪೂರ್ತಿ ಬಂದ್. ತೆಳ್ಳಗಿನ ಸಗಣಿ ಮಾತ್ರ, ಜೊತೆಗೆ ಚೆನ್ನಾಗಿ ನಡೆಯುವ ಬೇರೆ ಗುಂಡಿಯಿಂದ ಎರಡು ಮೂರು ಕೊಡ ಬಗ್ಗಡ. ಸುಣ್ಣದ ತಿಳಿ ಬೇಕಾದರೆ ಸ್ವಲ್ಪ ಸ್ವಲ್ಪವೇ ಬಿಡಿ, ಹೆಚ್ಚಾದರೆ ಪಿಎಚ್ ಆ ಕಡೆಗೆ ಹಾರುತ್ತದೆ.

ಅಡಿಕೆ ಬೇಯಿಸಿದ ಚೊಗರನ್ನು ಗುಂಡಿಗೆ ಬಿಡಲೇಬೇಡಿ. ಅದರ ಒಗರಿನ ಅಂಶವಾದ ಟ್ಯಾನಿನ್ ಮಿಥೇನ್ ಮಾಡುವ ಜೀವಾಣುಗಳನ್ನು ತಡೆಯುತ್ತದೆ. ಫಿನೈಲ್ ಹಾಕಿ ತೊಳೆದ ಕೊಟ್ಟಿಗೆ ನೀರು, ಆಂಟಿಬಯೋಟಿಕ್ ಕೊಟ್ಟ ದನದ ಸಗಣಿಯೂ ಬೇಡ. ಬೆಟ್ಟದ ಸೊಪ್ಪು ಹಾಸಿದ ಕೊಟ್ಟಿಗೆಯಾದರೆ ಸಗಣಿಯನ್ನು ಮೊದಲೇ ಬೇರೆ ಎತ್ತಬೇಕು, ಎಲೆ ತೇಲಿ ಮೇಲೆ ಕೆನೆಗಟ್ಟಿ ಗ್ಯಾಸ್ ತಡೆಯುತ್ತದೆ.

ಮಳೆಗಾಲದಲ್ಲಿ ಗುಂಡಿ ತಣಿದು ಗ್ಯಾಸ್ ಕಡಿಮೆಯಾಗುತ್ತದೆ. ತಂಪಿಗೆ ಮೊದಲು ಸುಸ್ತಾಗುವುದು ಮಿಥೇನಿನ ಗುಂಪೇ. ಹಾಗಾಗಿ ಜೂನ್ ಹಿಡಿಯುತ್ತಲೇ ಹಲಸನ್ನು ಅರ್ಧಕ್ಕೆ ಇಳಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಸಗಣಿ ಕಲಸುತ್ತೇನೆ. ಕಲಕು ತೊಟ್ಟಿಗೆ ಮಳೆನೀರು ಸೇರದಂತೆ ತಗಡು ಹಾಕಿದ್ದೇನೆ. ಉರಿ ಕುಣಿಯತೊಡಗಿದರೆ ಜೀವಾಣುಗಳನ್ನು ದೂರುವ ಮೊದಲು ಪೈಪಿನ ತಗ್ಗಿನಲ್ಲಿ ನಿಂತ ನೀರು ಬಸಿಯಿರಿ.